ಹಳೆಯ ಡಿಸ್ಕನ್ನು ಕರೆದ ಬಗೆ

೨೦೨೨ರಲ್ಲಿ ನಾನು ಒಂಟಿಕೊಪ್ಪಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೆ, ಈಗಲೂ ನಡೆಸುತ್ತಿದ್ದೇನೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದ ನಾನು, ಒಬ್ಬ ಹೆಂಗಸು, ಸ್ಕ್ರೂಡ್ರೈವರ್ ಹಿಡಿದು ಕೂತಿರುವುದನ್ನು ನೋಡಿಯೂ "ರಿಪೇರಿಯವ್ರು ಎಲ್ಲೋದ್ರು?" ಎಂದು ಕೇಳುವ ಗಿರಾಕಿಗಳು ಆಗ ಇದ್ದರು. ಈ ಪ್ರಸಂಗದ ಬಗ್ಗೆ ನನ್ನ ದಿನಚರಿಯಲ್ಲಿರುವುದು ಒಂದೇ ಸಾಲು: "ಶಿವಲೀಲಾ ಅವರ ಮಷೀನ್ ಎದ್ದಿತು. ಸಂತೋಷ." ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನೆನಪು ತನಗೆ ಬೇಕಾದಂತೆ ಕತೆ ಕಟ್ಟುತ್ತದೆ ಎಂಬ ಗುಮಾನಿ ನನಗೆ ಯಾವಾಗಲೂ ಇದೆ. ಖಚಿತವಿಲ್ಲದ ಕಡೆ ಹಾಗೆಂದೇ ಹೇಳುತ್ತೇನೆ.

ಶಿವಲೀಲಾ ಕೃಷ್ಣಮೂರ್ತಿಪುರಂನವರು. ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಕೆಲಸ ಮಾಡುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು, ಎಲ್ಲವನ್ನೂ ಅಕ್ಷರ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ಅವರೇ. ಅವರ ಕಂಪ್ಯೂಟರಿನ ಮದರ್‌ಬೋರ್ಡ್, ಅಂದರೆ ಉಳಿದೆಲ್ಲ ಭಾಗಗಳೂ ಬಂದು ಕೂಡುವ ಮುಖ್ಯ ಹಲಗೆ, ಸುಟ್ಟುಹೋಗಿತ್ತು. ಹೊಸದನ್ನು ಕೂರಿಸಲು ನಾನು ಅವರ ಮನೆಗೇ ಹೋಗಿದ್ದೆ. ಅದು ಶುಕ್ರವಾರವೇ? ಬೆಳಿಗ್ಗೆ ಹತ್ತೂವರೆಗೆ ರಾಹುಕಾಲ ಶುರುವಾದದ್ದು ನೆನಪಿದೆ. ಹಾಗಾದರೆ ಶುಕ್ರವಾರವೇ ಇರಬೇಕು.

ಬೋರ್ಡ್ ಕೂರಿಸಿ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಆಗಲು ಯಾವ ಸಾಧನವೂ ಸಿಗಲಿಲ್ಲ. ಬೂಟ್ ಆಗುವುದು ಎಂದರೆ ಯಂತ್ರವು ಹಾರ್ಡ್ ಡಿಸ್ಕಿನಲ್ಲಿರುವ ವಿಂಡೋಸನ್ನು ಕರೆದು ಎಬ್ಬಿಸುವುದು. ಕೇಬಲ್ ಬದಲಿಸಿದೆ, ರ‍್ಯಾಮ್ ತೆಗೆದು ಮತ್ತೆ ಕೂರಿಸಿದೆ. ಬೋರ್ಡಿನ ಒಳಸೆಟ್ಟಿಂಗ್ ಪರದೆಯಾದ ಬಯೋಸ್ ತೆರೆದು ನೋಡಿದರೆ ಡಿಸ್ಕಿನ ಹೆಸರು ಪಟ್ಟಿಯಲ್ಲೇ ಇತ್ತು. ಡಿಸ್ಕನ್ನು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಫೈಲುಗಳೂ ಸುರಕ್ಷಿತವಾಗಿದ್ದವು. ಆದರೆ ಒಂದು ಲಗ್ನಪತ್ರಿಕೆ ತೆರೆದಾಗ ಕಂಡದ್ದು ಅಕ್ಷರಗಳ ಕಲಸುಮೇಲೋಗರ, ಒಂದು ಕನ್ನಡ ಪದವೂ ಇಲ್ಲ.

"ಅದು ನನ್ನ ಹಳೇ ಸಾಫ್ಟ್‌ವೇರಲ್ಲಿ ಮಾತ್ರ ಕನ್ನಡ ಆಗುತ್ತೆ ಕಣ್ರೀ" ಎಂದರು ಶಿವಲೀಲಾ. "ಅದನ್ನ ಮಾಡಿದವರು ಅಂಗಡಿ ಮುಚ್ಕೊಂಡು ಎಷ್ಟೋ ಕಾಲವಾಯ್ತು. ಸೀಡಿನೂ ಗೀಚೋಗಿದೆ. ಈ ಡಿಸ್ಕಲ್ಲಿ ಇರೋದೇ ಕೊನೇದು."

ಅಂದರೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೆ ಅವರ ಸಾಫ್ಟ್‌ವೇರ್ ಹೋಗುತ್ತದೆ; ಅದರೊಂದಿಗೆ ಅವರು ಇಷ್ಟು ವರ್ಷ ಮಾಡಿದ ಅಷ್ಟೂ ಕೆಲಸ ಯಾರೂ ಓದಲಾಗದ ಗೀಚಾಗುತ್ತದೆ.

ಬೋರ್ಡ್ ಕೊಟ್ಟ ಡೀಲರಿಗೆ ಫೋನ್ ಮಾಡಿದೆ. "ಡಿಸ್ಕ್ ಕಾಣ್ತಿದೆ, ಬೂಟ್ ಆಗ್ತಿಲ್ಲ ಅಂದ್ರೆ ವಿಂಡೋಸ್ ಹೋಗಿದೆ. ಫಾರ್ಮ್ಯಾಟ್ ಹೊಡ್ದು ಹೊಸದಾಗಿ ಹಾಕ್ಬುಡಿ ಮೇಡಂ" ಎಂದ. ನನಗೂ ಬೇರೆ ದಾರಿ ತೋರಲಿಲ್ಲ. ಶಿವಲೀಲಾ ಸ್ವಲ್ಪ ಹೊತ್ತು ಕೀಬೋರ್ಡಿನ ಮೇಲಿನ ಬಟ್ಟೆಯನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದರು.

"ಸರಿ, ಅಳಿಸಿ. ಆದ್ರೆ ಹನ್ನೆರಡಾಗ್ಲಿ. ರಾಹುಕಾಲದಲ್ಲಿ ಬೇಡ."

"ಹಾಳು ಮಾಡೋಕೂ ಒಳ್ಳೇ ಟೈಮ್ ನೋಡ್ಬೇಕಾ?" ಎಂದು ಬಾಗಿಲಿನಿಂದ ದನಿ ಬಂತು. ಮಲ್ಲಣ್ಣ, ತೆಂಗಿನಕಾಯಿ ವ್ಯಾಪಾರಿ. ಮಗಳ ಲಗ್ನಪತ್ರಿಕೆಯ ಕರಡು ನೋಡಲು ಬಂದಿದ್ದರು. "ಏನಮ್ಮ, ಮಗು ನಾಮಕರಣದ ಹೊತ್ತಿಗಾದ್ರೂ ಪತ್ರಿಕೆ ಕೊಡ್ತೀಯಾ?"

"ನಿಮ್ಮನೆಯವ್ರು ದಿನಕ್ಕೊಂದು ಹೆಸರು ಸೇರಿಸೋದು ಬಿಟ್ಟಿದ್ರೆ ಹೋದ ವಾರನೇ ಕೊಟ್ಟಿರ್ತಿದ್ದೆ ಕಣಣ್ಣ."

ಶಿವಲೀಲಾ ಕಾಫಿ ತಂದರು. ಹನ್ನೆರಡಾಗುವುದನ್ನು ಕಾಯುತ್ತ ಮೂವರೂ ಕೂತೆವು. ಮಲ್ಲಣ್ಣನವರ ದೊಡ್ಡಪ್ಪ ಮುನಿಸಿಕೊಂಡಿದ್ದರಂತೆ. ಮಲ್ಲಣ್ಣನವರ ಮಗ ಮದುವೆಯ ದಿನ, ಜಾಗ ಎಲ್ಲವನ್ನೂ ಅವರ ವಾಟ್ಸಾಪಿಗೆ ಕಳಿಸಿದ್ದ. ಅವರು ತುಟಿ ಬಿಚ್ಚಿರಲಿಲ್ಲ.

"ಪತ್ರಿಕೇಲಿ ಅವ್ರ ಹೆಸರೇ ಮೊದ್ಲು ಹಾಕಿದೀನಲ್ಲಣ್ಣ" ಎಂದರು ಶಿವಲೀಲಾ.

"ಪಟ್ಟಿಲಿ ಹೆಸರಿದ್ರೆ ಬಂದ್ಬುಡ್ತಾರಾ? ವಾಟ್ಸಾಪಲ್ಲಿ ಕರೆದ್ರೆ ಅವ್ರಿಗೆ ಅದು ಕರೆದಂಗೇ ಅಲ್ಲ. ಮನೆಗೋಗಿ, ಅಕ್ಷತೆ ಕೊಟ್ಟು, ಕಾಲಿಗೆ ಬಿದ್ದು ಕರೀಬೇಕು. ಆಗ ನೋಡು, ಎಲ್ರಿಗಿಂತ ಮುಂಚೆ ಬಂದು ಮುಂದಿನ ಸಾಲಲ್ಲಿ ಕೂತಿರ್ತಾರೆ."

ನಾನು ಲೋಟ ಕೆಳಗಿಟ್ಟೆ. ಆ ಮಾತಿನಿಂದಲೇ ಹೊಳೆಯಿತೋ, ಮೊದಲೇ ಹೊಳೆಯುತ್ತಿದ್ದುದಕ್ಕೆ ಆ ಮಾತು ಬಂದು ತಾಗಿತೋ, ನಿಜವಾಗಿ ಹೇಳಲಾರೆ. ಇಷ್ಟು ಚೆನ್ನಾಗಿ ಹೊಂದುವ ನೆನಪನ್ನು ಕಂಡರೆ ನನಗೆ ಅನುಮಾನವೇ. ಆದರೆ ಲೋಟ ಕೆಳಗಿಟ್ಟದ್ದು ನಿಜ, ಏಕೆಂದರೆ ಕಾಫಿ ಪೂರ್ತಿ ಕುಡಿಯಲಿಲ್ಲ ಎಂದು ಶಿವಲೀಲಾ ಈಗಲೂ ಆಡಿಕೊಳ್ಳುತ್ತಾರೆ.

ವಿಷಯ ಇಷ್ಟು. ವಿಂಡೋಸನ್ನು ಕರೆಯಲು ಎರಡು ಕ್ರಮಗಳಿವೆ. ಹಳೆಯದಕ್ಕೆ ಲೆಗಸಿ ಎನ್ನುತ್ತಾರೆ, ಹೊಸದಕ್ಕೆ ಯುಇಎಫ್‌ಐ. ಹಳೆಯ ಕ್ರಮಕ್ಕೆಂದು ಸಿದ್ಧವಾದ ಡಿಸ್ಕನ್ನು ಹೊಸ ಕ್ರಮದಲ್ಲಿ ಕರೆದರೆ ಅದು ಓಗೊಡುವುದಿಲ್ಲ. ಹೆಸರು ಪಟ್ಟಿಯಲ್ಲಿರುತ್ತದೆ, ಎದ್ದು ಬರುವುದಿಲ್ಲ. ನನ್ನ ಅಂಗಡಿಗೆ ಬರುವವರು ಬೋರ್ಡಿನ ಜೊತೆಗೆ ಡಿಸ್ಕನ್ನೂ ಬದಲಿಸಿ ಎಲ್ಲವನ್ನೂ ಹೊಸದಾಗಿ ಹಾಕಿಸಿಕೊಳ್ಳುವುದೇ ಹೆಚ್ಚು. ಹಾಗಾಗಿ ಹೊಸ ಕ್ರಮವೇ ನನ್ನ ಕೈಗೆ ರೂಢಿಯಾಗಿತ್ತು.

ಮತ್ತೆ ಯಂತ್ರದ ಮುಂದೆ ಕೂತೆ. ಶಿವಲೀಲಾ ಗಡಿಯಾರ ನೋಡಿದರು. "ಇನ್ನೂ ಹನ್ನೆರಡಾಗಿಲ್ಲವಲ್ರೀ."

"ಅಳಿಸೋಕಲ್ಲ. ಕರೆಯೋಕೆ."

"ಹಂಗಾದ್ರೆ ಕರೀರಿ."

ಬಯೋಸಿನಲ್ಲಿ ಸಿಎಸ್‌ಎಂ ಎಂಬ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ ಹೊಸ ಬೋರ್ಡು ಹಳೆಯ ಕ್ರಮದಲ್ಲೂ ಕರೆಯುತ್ತದೆ. ಆನ್ ಮಾಡಿ, ಉಳಿಸಿ, ಹೊರಬಂದೆ. ಪರದೆ ಕಪ್ಪಾಯಿತು. ಆಮೇಲೆ ವಿಂಡೋಸಿನ ಗುರುತು ಮೂಡಿತು. ಹೊಸ ಬೋರ್ಡನ್ನು ಪರಿಚಯ ಮಾಡಿಕೊಳ್ಳುತ್ತ, ನಡುವೆ ಒಮ್ಮೆ ತಾನೇ ಆರಿ ಹೊತ್ತಿಕೊಂಡು, ಕೊನೆಗೆ ಯಂತ್ರ ಸಾವಕಾಶವಾಗಿ ಎದ್ದು ಕೂತಿತು. ಶಿವಲೀಲಾ ತಮ್ಮ ಸಾಫ್ಟ್‌ವೇರ್ ತೆರೆದು ಪತ್ರಿಕೆಯ ಫೈಲನ್ನು ಒತ್ತಿದರು. ಅಕ್ಷರಗಳೆಲ್ಲ ಕನ್ನಡವಾಗಿದ್ದವು, ಮೇಲ್ಗಡೆಯೇ ದೊಡ್ಡಪ್ಪನ ಹೆಸರು. ಅವರು ಸೆರಗಿನಿಂದ ಪರದೆಯ ಧೂಳು ಒರೆಸಿದರು. ಅಲ್ಲಿ ಧೂಳಿತ್ತೋ ಇಲ್ಲವೋ ನೆನಪಿಲ್ಲ. ಏನಾಗಿತ್ತೆಂದು ಮಲ್ಲಣ್ಣ ಕೇಳಿದಾಗ ಹಳೆಯ ಕ್ರಮ, ಹೊಸ ಕ್ರಮಗಳ ಕತೆಯನ್ನು ಅವರಿಬ್ಬರಿಗೂ ಹೇಳಿದೆ.

ಆ ಸಾಫ್ಟ್‌ವೇರ್ ಸಮೇತ ಇಡೀ ಡಿಸ್ಕಿನ ಒಂದು ನಕಲನ್ನು ಮಾಡಿಕೊಟ್ಟ ಮೇಲೆಯೇ ಅಂದು ನಾನು ಅಲ್ಲಿಂದ ಹೊರಟದ್ದು. ಓಗೊಡದ್ದು ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದನ್ನು ಹಿಂದೆ ಯಾರು, ಹೇಗೆ ಕರೆಯುತ್ತಿದ್ದರು ಎಂದು ವಿಚಾರಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನು. ಗಿರಾಕಿಗಳ ವಿಷಯದಲ್ಲೂ ಇದು ಎಷ್ಟೋ ಸಲ ನಿಜವಾಗಿದೆ.

ಕೆಲವು ದಿನಗಳಾದ ಮೇಲೆ ನನ್ನ ಫೋನಿಗೆ ಆ ಲಗ್ನಪತ್ರಿಕೆ ಬಂತು. ಸಂಜೆ ಮಲ್ಲಣ್ಣ ದಂಪತಿ ಅಕ್ಷತೆಯ ಬಟ್ಟಲು ಹಿಡಿದು ಅಂಗಡಿಗೇ ಬಂದರು.

"ವಾಟ್ಸಾಪಲ್ಲಿ ಬಂದಿತ್ತಲ್ಲ, ಇಷ್ಟು ದೂರ ಯಾಕೆ ಬಂದ್ರಿ?" ಎಂದೆ.

"ನೀವು ಹಳೇ ಕ್ರಮನೋ ಹೊಸ ಕ್ರಮನೋ ಗೊತ್ತಾಗ್ಲಿಲ್ಲ ಮೇಡಂ" ಎಂದರು ಮಲ್ಲಣ್ಣ. "ಅದಕ್ಕೆ ಎರಡ್ರಲ್ಲೂ ಕರೆದ್ಬುಟ್ಟೆ."