ಅಕ್ಕನ ಬೆಳಗಿನ ಬೆರಳುಗಳು

ಕೆಂಪು, ಬಿಸಿ, ಊತ, ನೋವು. ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ತುಮಕೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಮಗ್ಗಿಯಂತೆ ಒಪ್ಪಿಸಿದ ಮೇಷ್ಟ್ರು ನಾನು. ನಾಲ್ಕನೆಯದನ್ನು ಯಾರೋ ಒಬ್ಬರು ಅನುಭವಿಸಬೇಕಾಗುತ್ತದೆ ಎಂಬುದು ನನಗೆ ಹೊಳೆದದ್ದು ಎಂಬತ್ತರ ದಶಕದಲ್ಲಿ, ಗುಬ್ಬಿಯಲ್ಲಿದ್ದ ನನ್ನ ಅಕ್ಕನಿಂದ.

ಸಾವಿತ್ರಕ್ಕ ಅಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಬೆಳಗ್ಗೆ ಎದ್ದರೆ ಅವಳ ಬೆರಳುಗಳು ಮಡಚುತ್ತಿರಲಿಲ್ಲ. ಹಾಲಿನ ಪಾತ್ರೆ ಹಿಡಿಯುವುದೂ ಕಷ್ಟ. ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲ ಸಡಿಲವಾಗಿ, ಬೋರ್ಡಿನ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು. ಅವಳಿಗೆ ಮುಳುವಾದದ್ದು ಇದೇ. “ಮನೆ ಕೆಲ್ಸದ ಹೊತ್ಗೆ ಸರಿಯಾಗಿ ಬರ್ತದೆ ನೋಡಪ್ಪ, ನಿಮ್ಮಕ್ಕನ ನೋವು,” ಎಂದು ಅವಳ ಅತ್ತೆ ನನ್ನೆದುರು ಅಂದಾಗ ನಾನೂ ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ.

ತಿಂಗಳಾದ ಮೇಲೆ ಅವಳದೊಂದು ಕಾಗದ ಬಂತು. “ನೀನೂ ನಂಬಲ್ಲ ಅಂತ ಗೊತ್ತು. ಆದ್ರೂ ಒಬ್ರು ಡಾಕ್ಟ್ರ ಹತ್ರ ಕರ್ಕೊಂಡ್ ಹೋಗೋ.” ಬೆಳಗ್ಗೆ ಕೂತು ಬರೆದಿರಬೇಕು, ಅಕ್ಷರಗಳು ಒಂದನೇ ಕ್ಲಾಸಿನ ಮಗು ಬರೆದಂತೆ ಸೊಟ್ಟಗಿದ್ದವು. ಅವತ್ತು ನನಗೆ ಪಾಠ ಮಾಡಲಾಗಲಿಲ್ಲ.

ತುಮಕೂರಿನ ಡಾಕ್ಟರು ಅವಳ ಗೆಣ್ಣುಗಳನ್ನು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಸಂಧಿವಾತ ಎಂದರು. “ರೋಗಾಣು ನುಗ್ಗಿದಾಗ ರಕ್ತದ ಬಿಳಿಕಣಗಳು ಕೆಮಿಕಲ್ ಬಿಟ್ಟು ಒಂದನ್ನೊಂದು ಕರೀತವೆ. ಇವ್ರಲ್ಲಿ ಯಾವ ರೋಗಾಣು ಬರದೇ ಇದ್ರೂ ಕರೀತಾ ಇವೆ. ಸಾಕು ಅಂತ ಹೇಳೋ ಕೆಮಿಕಲ್ಲೂ ಇರ್ಬೇಕು, ಅದರ ಮಾತು ನಡೀತಿಲ್ಲ.” ಆಸ್ಪಿರಿನ್ ಬರೆದುಕೊಟ್ಟರು, ಕರೆಯುವ ರಾಸಾಯನಿಕಗಳಲ್ಲೊಂದು ತಯಾರಾಗುವುದನ್ನು ಅದು ತಡೆಯುತ್ತದಂತೆ. ಲೈಬ್ರರಿಯಲ್ಲಿ ಹುಡುಕಿದೆ. ಬಿಳಿಕಣಗಳು ಪರಸ್ಪರ ಕರೆಯಲು ಬಿಡುವ ಕೆಮಿಕಲ್ಲಿಗೆ ‘ಇಂಟರ್‌ಲ್ಯೂಕಿನ್’ ಎಂಬ ಹೊಚ್ಚಹೊಸ ಹೆಸರು ಸಿಕ್ಕಿತು. ಪರೀಕ್ಷೆಗಲ್ಲದೆ ನಾನು ಓದಿದ ಮೊದಲ ಪಾಠ ಅದು.

ಭಾನುವಾರ ಗುಬ್ಬಿಗೆ ಹೋಗಿ, ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಎಲ್ಲ ವಿವರಿಸಿದೆ.

“ಹಂಗಾದ್ರೆ ಇವ್ಳು ನಾಟ್ಕ ಆಡ್ತಿರ್ಲಿಲ್ವಾ?”

“ಇಲ್ಲಮ್ಮ. ನಾನೂ ನಂಬಿರ್ಲಿಲ್ಲ. ತಪ್ಪಾಯ್ತಕ್ಕ,” ಎಂದೆ, ಪಕ್ಕದಲ್ಲಿದ್ದ ಅಕ್ಕನತ್ತ ತಿರುಗಿ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದರು. ಮಾರನೆಯ ಬೆಳಗ್ಗೆ ಬಿಸಿನೀರಿನ ಬೋಗುಣಿ ತಂದು ಅಕ್ಕನ ಮುಂದಿಟ್ಟು, “ಕೈ ಅದ್ದು,” ಎಂದಷ್ಟೇ ಅಂದರು.

ಊತ ಪೂರ್ತಿ ಹೋಗಲಿಲ್ಲ. ಮಾತ್ರೆಗೆ ಕೆಲವು ದಿನ ಬಗ್ಗುತ್ತಿತ್ತು, ಕೆಲವು ದಿನ ಇಲ್ಲ. ಆದರೆ ನಾನು ಮತ್ತೆ ಹೋದಾಗ ಅತ್ತೆ ಬೀದಿ ನಲ್ಲಿಯ ಹತ್ತಿರ ಯಾರಿಗೋ ಹೇಳುತ್ತಿದ್ದರು: “ನಮ್ ಸೊಸೆಗೆ ಸೋಮಾರಿತನ ಗೀಮಾರಿತನ ಏನಿಲ್ಲ ಕಣಮ್ಮ. ಅವ್ಳ ರಕ್ತದಾಗೆ ಮೈ ಕಾಯೋರು ಒಸಿ ಜಾಸ್ತಿ ಹುಷಾರು, ಅಷ್ಟೇಯ.”

ಉತ್ತರ ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಗೀಟು ಎಳೆಯುವ ನಾನು, ಅತ್ತೆಯ ಆ ಮಾತನ್ನು ತಿದ್ದಲಿಲ್ಲ.