ಕನ್ನಡ ಒತ್ತಿದರೆ ಪುಟವಿಲ್ಲ

ಹೋದ ವಾರ ನಮ್ಮ ರಕ್ತದಾನಿಗಳ ಬಳಗಕ್ಕೆ ಒಂದು ಫೋನ್ ಬಂತು. ಕುಕನೂರು ಕಡೆಯ ಶಂಕ್ರವ್ವ ಎಂಬವರು.

"ಸರ್, ನಿಮ್ಮ ವೆಬ್‌ಸೈಟ್ ಖರೇನೋ, ಸುಳ್ಳೋ?"

ಖರೇನೇ ಎಂದೆ. (ನಾನು ಬಳಗದ ಕಾರ್ಯದರ್ಶಿ. ಬೇರೆ ಏನು ಹೇಳಲಿ?)

"ಹಂಗಾರ ನಿನ್ನಿ ಎಲ್ಲಿ ಹೋಗಿತ್ರಿ ಅದು?"

ಹಿಂದಿನ ದಿನ ಅವರ ಸೊಸೆಗೆ ಕೊಪ್ಪಳದಲ್ಲಿ ಹೆರಿಗೆಯಾಗಿತ್ತು. ರಕ್ತ ಹೋಗುವುದು ನಿಲ್ಲಲಿಲ್ಲ. ಬೇಕಾದದ್ದು ಸುಲಭಕ್ಕೆ ಸಿಗದ ಗುಂಪಿನ ರಕ್ತ. ಆಸ್ಪತ್ರೆಯ ಗೋಡೆಯ ಮೇಲಿನ ನಮ್ಮ ಪೋಸ್ಟರ್ ನೋಡಿ ಶಂಕ್ರವ್ವ ಮೊಬೈಲಿನಲ್ಲಿ ಸೈಟು ತೆರೆದರು. 'ಕನ್ನಡ' ಒತ್ತಿದರು. ಕನ್ನಡ ಪುಟ ಬಂತು. ಅದರಲ್ಲಿ 'ದಾನಿಗಳು' ಒತ್ತಿದರು. ಪುಟ ಸಿಗಲಿಲ್ಲ ಎಂದು ಬಂತು. (ಅದೂ ಇಂಗ್ಲಿಷಿನಲ್ಲಿ.) ಮತ್ತೆ ಒತ್ತಿದರು. ಮತ್ತೆ ಅದೇ.

ಕೊನೆಗೆ ಬಾಜೂ ಕೂತಿದ್ದ ಯಾರೋ, "ಯವ್ವಾ, ಇಂಗ್ಲಿಷ್ ಒತ್ತು" ಎಂದರಂತೆ. ದಾನಿಗಳ ನಂಬರು ಸಿಕ್ಕವು. ಹುಲಿಗಿಯಿಂದ ಒಬ್ಬರು ಬೈಕಿನಲ್ಲಿ ಬಂದರು. ಬಾಣಂತಿ ಉಳಿದಳು.

ಫೋನಿಟ್ಟವನೇ ಕುಷ್ಟಗಿಗೆ ಹೋದೆ. ನಮ್ಮ ಸೈಟು ಕಟ್ಟಿದ ರೇಣುಕಾಳ ಕಂಪ್ಯೂಟರ್ ಸೆಂಟರ್ ಅಲ್ಲಿದೆ. ನೋಡಿದಳು. ಹಣೆ ಹಿಡಿದುಕೊಂಡಳು.

ಸಂಗತಿ ಇಷ್ಟು. ನಮ್ಮ ಸೈಟಿನಲ್ಲಿ ಇಂಗ್ಲಿಷ್ ಪಡಸಾಲೆಯಲ್ಲಿ ಕೂತಿದೆ. ಕನ್ನಡಕ್ಕೆ ಬೇರೆ ಫೋಲ್ಡರು, ಅಂದರೆ ಒಳಗಿನ ಒಂದು ಕೋಣೆ. (ಹೌದು, ಕರ್ನಾಟಕದಲ್ಲೇ.) ದಾನಿಗಳ ಪುಟ ಎಲ್ಲ ಭಾಷೆಗೂ ಒಂದೇ. ಅದೂ ಪಡಸಾಲೆಯಲ್ಲೇ. ಲಿಂಕಿನಲ್ಲಿ ಬರೀ ಪುಟದ ಹೆಸರು ಬರೆದರೆ ಬ್ರೌಸರು ತಾನು ನಿಂತ ಕೋಣೆಯಲ್ಲಷ್ಟೇ ಹುಡುಕುತ್ತದೆ. ಹೆಸರಿನ ಮೊದಲಿಗೆ ಒಂದು ಓರೆಗೆರೆ (/) ಹಾಕಿದರೆ ಹೆಬ್ಬಾಗಿಲಿನಿಂದ ಹುಡುಕುತ್ತದೆ. ನಮ್ಮ ಲಿಂಕುಗಳಲ್ಲಿ ಆ ಗೆರೆ ಇರಲಿಲ್ಲ.

ನಾವು ದಾರಿ ಹೇಳುವುದೂ ಹೀಗೇ ಅಲ್ಲವೇ? "ಇಲ್ಲೇ ಮುಂದ ಹೋಗಿ ಎಡಕ್ಕ ಹೊಳ್ರಿ." ಎಲ್ಲಿ ನಿಂತವರಿಗೆ? ಬಸ್‌ಸ್ಟ್ಯಾಂಡಿನಿಂದ ಹೇಳಿದರೆ ಯಾರಾದರೂ ಮುಟ್ಟಿಯಾರು. ನಾವು ನಮ್ಮ ಹೊಸ್ತಿಲಿನಿಂದ ಹೇಳುತ್ತೇವೆ.

"ಉದ್ಘಾಟನಿಗೆ ಮೊದ್ಲ ಕಮಿಟಿಯವ್ರೆಲ್ಲಾ ಚೆಕ್ ಮಾಡಿದ್ರಲ್ಲರೀ ಸರ್?" ಎಂದಳು ರೇಣುಕಾ.

ಮಾಡಿದ್ದೆವು. ಕನ್ನಡ ಬೇಕೇ ಬೇಕೆಂದು ಮೇಜು ಗುದ್ದಿದವರೇ ಎಲ್ಲರೂ. ಕನ್ನಡ ಪುಟ ತೆರೆದು, ಅಕ್ಷರ ಎಷ್ಟು ಚೆಂದ ಮೂಡಿವೆ ಎಂದು ಹೊಗಳಿ, ಲಿಂಕುಗಳು ಕೆಲಸ ಮಾಡುತ್ತವೆಯೇ ಎಂದು ನೋಡಲು ಇಂಗ್ಲಿಷಿಗೆ ಹೋದವರು.

"ಕನ್ನಡದಾಗ ಒಬ್ರೂ ಮುಂದಕ್ಕ ಒತ್ತಲಿಲ್ಲೇನ್ರಿ?"

"ನೀನು?"

"ನಾನೂ ಇಲ್ರಿ," ಎಂದಳು ಮೆತ್ತಗೆ.

ಕೂತು ಒಂದೊಂದೇ ಲಿಂಕಿಗೆ ಓರೆಗೆರೆ ಹಾಕಿದಳು. ಗಂಗಾವತಿಯವರಿಗೆಂದು ಮಾಡಿದ ತೆಲುಗು ಕೋಣೆಯಲ್ಲೂ, ಉರ್ದು ಕೋಣೆಯಲ್ಲೂ ಅದೇ ರೋಗವಿತ್ತು. ಅಲ್ಲಿ ಒತ್ತಿದವರು, ಪುಟ ಸಿಗದವರು, ನಮಗೆ ಫೋನೂ ಮಾಡದವರು ಎಷ್ಟು ಮಂದಿಯೋ. ಅವರ ಬಾಣಂತಿಯರು ಏನಾದರೋ.

ಸಂಜೆ ಶಂಕ್ರವ್ವನವರಿಗೆ ಫೋನ್ ಮಾಡಿದೆ. "ಸರಿ ಮಾಡೇವ್ರಿ. ಈಗ ಕನ್ನಡ ಒತ್ತಿ ನೋಡ್ರಿ."

"ಭಾಳ ಛಲೋ ಆತ್ರಿ ಸರ್," ಎಂದರು. "ಆದ್ರ ನಾ ಓಣ್ಯಾಗ ಎಲ್ಲಾರಿಗೂ ಹೇಳಿಬಿಟ್ಟೀನ್ರಿ. ಜೀವಕ್ಕ ಬಂತಂದ್ರ ಇಂಗ್ಲಿಷ್ ಒತ್ರಿ ಅಂತ."

ಹಾಗನ್ನಬೇಡಿ ಎಂದು ಅವರಿಗೆ ಹೇಳುವ ಬಾಯಿ ನಮ್ಮಲ್ಲಿ ಯಾರಿಗಿದೆ?