ಹುಚ್ಚಮ್ಮನ ಕೈಗಳನ್ನು ಬರೆಯುವ ರಂಜಿನಿ

ಬೆಳಗಿನ ಐದೂವರೆ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ರಂಜಿನಿ ಕುಳಿತಿದ್ದಾರೆ. ಎದುರಿಗೆ ನೀರು ತುಂಬಿದ ಬಾಂಡ್ಲಿ. ಸೈಕಲ್ಲಿನ ಹಳೆಯ ಟ್ಯೂಬೊಂದನ್ನು ಅದರಲ್ಲಿ ಮುಳುಗಿಸಿ ಒತ್ತುತ್ತಾರೆ. ಗುಳುಗುಳು ಎಂದು ಗುಳ್ಳೆಗಳೇಳುತ್ತವೆ. ಕೂಡಲೇ ಕೈ ಒರೆಸಿಕೊಂಡು ಪಕ್ಕದ ರಟ್ಟಿನ ಮೇಲೆ ಪೆನ್ಸಿಲಿನಿಂದ ಗೀಚುತ್ತಾರೆ. ಮತ್ತೆ ಒತ್ತುತ್ತಾರೆ, ಮತ್ತೆ ಗೀಚುತ್ತಾರೆ.

ಹಾಲು ಹಾಕುವ ಶಿವಪ್ರಸಾದ್ ಗಾಡಿ ನಿಲ್ಲಿಸಿ, "ಏನ್ ಮಾರಾಯ್ತಿ, ಸೀರೆ ಅಂಗಡಿ ಬಿಟ್ಟು ಪಂಕ್ಚರ್ ಅಂಗಡಿ ಇಟ್ಯಾ?" ಎಂದು ಕೇಳುತ್ತಾರೆ.

"ಹೂಂ ಕಣಣ್ಣ, ನಿನ್ನ ಗಾಡೀದೇ ಬೋಣಿ. ಚಕ್ರ ಬಿಚ್ಚಿಟ್ಟು ನಡ್ಕೊಂಡು ಹೋಗು."

ರಂಜಿನಿಗೆ ನಲವತ್ತಾರು ವರ್ಷ. ಹತ್ತು ಗಂಟೆಗೆ ಬಜಾರಿನ ಬಟ್ಟೆ ಅಂಗಡಿಗೆ ಹೋದರೆ ಎಂಟರವರೆಗೆ ಸೀರೆ ಬಿಡಿಸಿ ತೋರಿಸುವುದು, ಮಡಿಸಿಡುವುದು ಅವರ ಉದ್ಯೋಗ. ದಿನಕ್ಕೆ ಇನ್ನೂರು ಸೀರೆಗೆ ಕಡಿಮೆಯಿಲ್ಲ. ಅದಕ್ಕೆ ಮುಂಚಿನ ನಾಲ್ಕು ಗಂಟೆ ಮಾತ್ರ ಅವರದೇ. ಆ ಹೊತ್ತಿನಲ್ಲಿ ಅವರು ಮಕ್ಕಳಿಗಾಗಿ ಚಿತ್ರಪುಸ್ತಕ ಮಾಡುತ್ತಾರೆ. ನಮ್ಮ ಸೀಮೆಯಲ್ಲಿ ಯಾವುದೋ ಒಂದು ಕೆಲಸಕ್ಕೆ ಮೊದಲು ಕೈಹಾಕಿದ, ಆದರೆ ಯಾರೂ ಹೆಸರು ಹೇಳದ ಹೆಂಗಸರ ಜೀವನಕಥೆಗಳು. ದೋಣಿ ನಡೆಸಿದವರು, ಕರೆಂಟ್ ಕಂಬ ಹತ್ತಿದವರು, ಡೊಳ್ಳು ಹೆಗಲಿಗೇರಿಸಿದವರು. ಒಂಬತ್ತು ವರ್ಷದಲ್ಲಿ ಏಳು ಪುಸ್ತಕ. ಒಂದೊಂದಕ್ಕೂ ಹದಿನಾರು ಪುಟ, ಮುನ್ನೂರು ಪ್ರತಿ. ಶಾಲೆ, ಅಂಗನವಾಡಿಗಳಿಗೆ ತಾವೇ ಚೀಲದಲ್ಲಿ ಹೊತ್ತುಕೊಂಡು ಹೋಗಿ ಕೊಡುತ್ತಾರೆ. ಚಿತ್ರ ಬರೆಯಲು ಸೀರೆ ಪೆಟ್ಟಿಗೆಯ ಬಿಳಿ ರಟ್ಟೇ ಆಧಾರ.

ಇದು ಶುರುವಾದ ಬಗೆಯನ್ನು ಅವರು ನನಗೆ ನಗುತ್ತಲೇ ಹೇಳುತ್ತಾರೆ. "ಮಗಳು ಕವನ ಒಂದನೇ ಕ್ಲಾಸಲ್ಲಿದ್ಲು. ಶಾಲೇಲಿ ದೊಡ್ಡ ಹೆಂಗಸರ ವೇಷ ಹಾಕ್ಕೊಂಡು ಬನ್ನಿ ಅಂದಿದ್ರು. ಎಲ್ಲರೂ ರಾಣೀನೇ. ಬಾಡಿಗೆ ಅಂಗಡೀಲಿ ಕತ್ತಿ ಎಲ್ಲಾ ಖಾಲಿ. 'ಅಮ್ಮ, ಕತ್ತಿ ಇಲ್ಲದ ದೊಡ್ಡ ಹೆಂಗಸು ಯಾರೂ ಇಲ್ವಾ?' ಅಂದ್ಲು ಸಾರ್. ಹುಡುಕೋಣ ಅಂತ ಹೊರಟೆ."

ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರು. ಚಿತ್ರ ಬರೆಯುವುದನ್ನು ಯಾರೂ ಕಲಿಸಿದ್ದಲ್ಲ. ಆದರೆ ಒಂದು ವ್ರತ ಇಟ್ಟುಕೊಂಡಿದ್ದಾರೆ: ಯಾರ ಕಥೆಯೋ ಅವರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯದೆ ಪುಸ್ತಕವನ್ನು ಅಚ್ಚಿಗೆ ಕೊಡುವುದಿಲ್ಲ.

ಎಂಟನೆಯ ಪುಸ್ತಕಕ್ಕೆ ಅಡ್ಡಿ ಬಂದಿರುವುದೂ ಈ ವ್ರತದಿಂದಲೇ. ಭದ್ರಾವತಿಯ ಓಲ್ಡ್ ಟೌನಿನ ದುರ್ಗಮ್ಮ ಕಾರ್ಖಾನೆ ಕೆಲಸಗಾರರ ಸೈಕಲ್ಲುಗಳಿಗೆ ಐವತ್ತು ವರ್ಷ ಪಂಕ್ಚರ್ ಹಾಕಿದವರು. ಈಗ ಎಪ್ಪತ್ತಾರು. ಒಂದು ಕಣ್ಣು ಹೋಗಿದೆ, ಇನ್ನೊಂದಕ್ಕೆ ಮಂಜು ಕವಿಯುತ್ತಿದೆ. ಹದಿನಾರು ಪುಟಕ್ಕೂ ಬಣ್ಣ ಹಾಕಿ ಮುಗಿಸಿ, ಎರಡು ತಿಂಗಳ ಹಿಂದೆ ರಂಜಿನಿ ಅವರ ಮನೆಗೆ ಹೋಗಿ ಮೊದಲ ಸಾಲು ಓದಿದರು: "ಈ ಊರಿನಲ್ಲಿ ಮೊದಲು ಪಂಕ್ಚರ್ ಹಾಕಿದ ಹೆಂಗಸು ದುರ್ಗಮ್ಮ."

ದುರ್ಗಮ್ಮ ಅಲ್ಲಿಗೇ ತಡೆದರು. "ನಿಲ್ಸು. ಮೊದಲನೆಯವಳು ನಾನಲ್ಲ, ನಮ್ಮತ್ತೆ ಹುಚ್ಚಮ್ಮ. ಅವ್ರ ಜಾಗದಲ್ಲಿ ನನ್ನ ಕೂರಿಸಿದ್ರೆ ನಾಳೆ ಮೇಲೆ ಹೋಗಿ ಏನಂತ ಹೇಳ್ಲಿ? ಅವ್ರ ಹೆಸರು ಹಾಕು. ಈ ಕಣ್ಣು ಇರೋದ್ರೊಳಗೆ ತಂದು ತೋರ್ಸು."

ಹದಿನಾರು ಪುಟಗಳು ಮೂಲೆ ಸೇರಿದವು. ಹುಚ್ಚಮ್ಮ ತೀರಿಕೊಂಡು ನಲವತ್ತು ವರ್ಷ ದಾಟಿದೆ. ಒಂದು ಫೋಟೋ ಇಲ್ಲ. ಮುಖ ಹೇಗಿತ್ತು ಎಂದು ಕೇಳಿದರೆ ದುರ್ಗಮ್ಮ ಗದರಿಬಿಟ್ಟರು. "ಮುಖ ನಾನೆಲ್ಲಿ ನೋಡ್ದೆ? ಸೊಸೆ ಅತ್ತೆ ಮುಂದೆ ತಲೆ ಎತ್ತೋ ಕಾಲವಾ ಅದು? ಹದಿನೇಳು ವರ್ಷ ಪಕ್ಕದಲ್ಲೇ ತಲೆ ತಗ್ಗಿಸ್ಕೊಂಡು ಕೂತು ಕೆಲಸ ಕಲಿತೆ. ಕೈ ಕೇಳು, ಹೇಳ್ತೀನಿ."

ಹೇಳಿದರು. ತೇಪೆ ಒತ್ತಿ ಒತ್ತಿ ಚಪ್ಪಟೆಯಾದ ಹೆಬ್ಬೆರಳು. ಸೊಟ್ಟಗಿನ ಕಿರುಬೆರಳು. ಬಳೆ ಜಾರಿ ಚಕ್ರಕ್ಕೆ ಸಿಗದಂತೆ, ಹಳೆಯ ಟ್ಯೂಬನ್ನು ಉಂಗುರದ ಹಾಗೆ ಕತ್ತರಿಸಿ ಮುಂಗೈಗೆ ಹಾಕಿಕೊಂಡ ಪಟ್ಟಿ. ಮನೆಯಿಂದ ಒಬ್ಬರನ್ನು ಮಣ್ಣಿಗೆ ಕಳುಹಿಸಿಕೊಟ್ಟವರಿಗೆ ಈ ಮಾತು ತಿಳಿಯುತ್ತದೆ. ದೇವರು ಮುಖವನ್ನು ಮೆಲ್ಲಗೆ ಮರೆಸುತ್ತಾನೆ. ತಟ್ಟೆ ಮುಂದಿಡುತ್ತಿದ್ದ ಕೈಯನ್ನು ಮರೆಸುವುದಿಲ್ಲ.

ಹೀಗೆ ರಂಜಿನಿಯ ಎಂಟನೆಯ ಪುಸ್ತಕದಲ್ಲಿ ಪುಟಪುಟಕ್ಕೂ ಇರುವುದು ಕೈಗಳು ಮಾತ್ರ. ಅಚ್ಚಿನ ಮನೆಯ ಏಕಾಂತಪ್ಪನವರಿಗೆ ಇದು ಹಿಡಿಸಿಲ್ಲ. "ಮುಖ ಇಲ್ಲದ ಪುಸ್ತಕ ಮಕ್ಕಳು ಮುಟ್ತಾರಾ? ಒಂದು ಲಕ್ಷಣವಾದ ಮುಖ ಬರೆದುಬಿಡಮ್ಮ, ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ ಸಾರ್," ಎಂದು ಬಂದಿದ್ದಾರೆ. ಆದರೂ ಒಳಗೆ ಅಳುಕಿದೆ. ಮಕ್ಕಳು ಒಲ್ಲೆವೆಂದರೆ ಮೂರನೆಯ ಸಲ ಬರೆಯಬೇಕು. ಅಷ್ಟು ದಿನ ದುರ್ಗಮ್ಮನ ಕಣ್ಣು ಕಾಯಬೇಕಲ್ಲ.

ಅಂಗಡಿಗೆ ರಜೆ ಹಾಕಿ ರಂಜಿನಿ ಭದ್ರಾವತಿಯ ಬಸ್ಸು ಹತ್ತುತ್ತಾರೆ. ನಾನೂ ಜೊತೆಗಿದ್ದೇನೆ. ಓಲ್ಡ್ ಟೌನಿನ ಅಂಗನವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳು. ರಂಜಿನಿ ರಟ್ಟಿನ ಪುಟಗಳನ್ನು ಒಂದೊಂದಾಗಿ ತೋರಿಸುತ್ತಾ ಕಥೆ ಓದುತ್ತಾರೆ. ಗುಳ್ಳೆಯ ಪುಟ ಬಂದಾಗ ಎಲ್ಲರೂ ಗುಳುಗುಳು ಎಂದು ಕೂಗಿ, ಮತ್ತೊಮ್ಮೆ ತಿರುಗಿಸಿ ಎಂದು ಹಟ ಹಿಡಿಯುತ್ತಾರೆ. ಆಗ ಇಂಪನಾ ಎಂಬ ಪುಟಾಣಿ ಕೇಳಿಯೇಬಿಡುತ್ತಾಳೆ. "ಅಜ್ಜಿ ಮುಖ ಎಲ್ಲಿ?"

ರಂಜಿನಿಗಿಂತ ಮೊದಲೇ, ಅವಳ ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಪರಶುರಾಮ ಉತ್ತರ ಕೊಡುತ್ತಾನೆ. "ಅಜ್ಜಿ ಬಗ್ಗಿದ್ದಾಳೆ ಕಣೇ. ಕೆಲಸ ಇದೆ. ಮುಗಿದ್ಮೇಲೆ ತಿರುಗ್ತಾಳೆ." ಇಂಪನಾಗೆ ಇದು ಸರಿ ಎನ್ನಿಸುತ್ತದೆ. ಮುಂದಿನ ಪುಟಕ್ಕೆ ಕತ್ತು ಚಾಚುತ್ತಾಳೆ.

ಅಲ್ಲಿಂದ ದುರ್ಗಮ್ಮನ ಮನೆಗೆ. ಅವರು ರಟ್ಟುಗಳನ್ನು ಒಂದೊಂದಾಗಿ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಾರೆ. "ರಬ್ಬರ್ ಪಟ್ಟಿ ಒಂದೇ ಕೈಗೆ ಹಾಕಿದ್ದೀಯ. ಎರಡಕ್ಕೂ ಇತ್ತು," ಎಂದು ತಿದ್ದುತ್ತಾರೆ. ಮೊದಲ ಪುಟವನ್ನು ಎರಡು ಸಲ ಓದಿಸುತ್ತಾರೆ: "ಈ ಊರಿನಲ್ಲಿ ಮೊದಲು ಪಂಕ್ಚರ್ ಹಾಕಿದ ಹೆಂಗಸು ಹುಚ್ಚಮ್ಮ. ಅವರಿಂದ ಕಲಿತವರು ದುರ್ಗಮ್ಮ."

"ಸರಿಯಾಗಿದೆ. ಅಚ್ಚಿಗೆ ಕೊಡು. ಇಬ್ಬರೂ ಊಟ ಮಾಡ್ಕೊಂಡೇ ಹೋಗಬೇಕು," ಎಂದು ದುರ್ಗಮ್ಮ ಒಳಗೆ ನಡೆಯುತ್ತಾರೆ.

ಮರಳುವ ಬಸ್ಸಿನಲ್ಲಿ ರಂಜಿನಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಇನ್ನೇನು ಆಸೆ ಎಂದು ಕೇಳುತ್ತೇನೆ.

"ಇದನ್ನ ಓದಿದ ಒಂದು ಮಗು ಮನೆಗೆ ಹೋಗಿ, 'ಅಜ್ಜಿ, ನಿಂಗೆ ಕಲಿಸಿದ್ದು ಯಾರು?' ಅಂತ ಕೇಳಿದ್ರೆ ಸಾಕು ಸಾರ್. ಏಳು ಪುಸ್ತಕ ಬರೆದೆ. ಆ ಮಾತು ನಾನೇ ಯಾರನ್ನೂ ಕೇಳಿರಲಿಲ್ಲ. ಇನ್ನು ಆ ಏಳು ಮನೆಗೂ ಮತ್ತೆ ಹೋಗಿ ಕೇಳ್ತೀನಿ."